ಮೂರನೇ ಗೇಟಿನ ಭಾವ

ಫೆಬ್ರವರಿ 11
ಮಧ್ಯಾಹ್ನ

ಪ್ರೀತಿಯ ಅಕ್ಕಾ,

ನಿನ್ನ ಕಾಗದ ಬಂದು ಹನ್ನೆರಡು ದಿನವಾಯಿತು. ಉತ್ತರ ಬರೆಯದೆ ಕೂತಿದ್ದಕ್ಕೆ ಮೊದಲು ಮನಸಾರೆ ಬೈದುಬಿಡು, ಆಮೇಲೆ ಮುಂದೆ ಓದು. ಫೋನು ಇರಲಿಲ್ಲವೇ ಅಂತ ಕೇಳುತ್ತೀಯ, ಗೊತ್ತು. ಈಗೀಗ ನಾನು ಮಾತು ಶುರು ಮಾಡಿದ ಕೂಡಲೇ ಫೋನಿನಲ್ಲಿ 'ಟಿಕ್' ಅಂತ ಒಂದು ಸದ್ದು ಬರುತ್ತದೆ. ಅದು ನಿಮ್ಮ ಅಡುಗೆಮನೆಯ ಲೈಟರ್ ಅಂತ ನೀನು ಹೋದ ಸಲ ನಕ್ಕೆ. ಇರಬಹುದು. ಆದರೆ ನೀನು ಒಲೆ ಹಚ್ಚದ ಹೊತ್ತಿನಲ್ಲೂ ಬಂದಿತ್ತು. ಅದಕ್ಕೇ ಕಾಗದ.

ನೀನು ಬರೆದದ್ದನ್ನು ಮೂರು ಸಲ ಓದಿದೆ. ಭಾವನನ್ನು ವಿಚಾರಣೆಗೆ ಎರಡು ಸಲ ಕರೆಸಿದ್ದಾರೆ, ಎರಡು ಸಲವೂ ನನ್ನ ಹೆಸರು ಎತ್ತಿದ್ದಾರೆ, ಇದೆಲ್ಲ ಏನು ಅಂತ ಕೇಳಿದ್ದೀಯ. ನಿನಗೆ ಗೊತ್ತಿರುವುದರಿಂದಲೇ ಶುರು ಮಾಡುತ್ತೇನೆ. ಇಪ್ಪತ್ತೆರಡು ವರ್ಷದ ಹಿಂದೆ ಭಾವನ ಬಸ್ ಡಿಪೋದಲ್ಲಿ ಮುಷ್ಕರವಾಯಿತಲ್ಲ, ನಾಲ್ಕನೇ ದಿನ ಜನ ಮೂರನೇ ಗೇಟಿನಿಂದ ನುಗ್ಗಿ ಒಂದು ಬಸ್ಸಿಗೆ ಬೆಂಕಿ ಇಟ್ಟರು, ಒಳಗೆ ಮಲಗಿದ್ದ ಕಾವಲುಗಾರ ಸತ್ತ. ಆ ಕಾವಲುಗಾರನ ಮಗಳು ಈಗ ದೊಡ್ಡವಳಾಗಿ ಕೋರ್ಟಿಗೆ ಹೋಗಿ ಕೇಸು ಮತ್ತೆ ತೆರೆಸಿದ್ದಾಳೆ. ಗೇಟಿಗೆ ಬೀಗ ಹಾಕಿತ್ತು, ಅದನ್ನು ತೆಗೆದವರು ಯಾರು? ಅವಳು ಕೇಳುತ್ತಿರುವುದು ಇಷ್ಟೇ.

ಅದಕ್ಕೆ ಉತ್ತರ ನನ್ನ ನೋಟ್‌ಬುಕ್ಕಿನಲ್ಲಿದೆ. ಮುಷ್ಕರ ಮುಗಿದ ಮೇಲೆ ನಾನು ಅರವತ್ತೊಂದು ಜನರನ್ನು ಮಾತಾಡಿಸಿದ್ದೆ, ನನ್ನ ಮೊದಲ ಪುಸ್ತಕ ಆದದ್ದೇ ಅದರಿಂದ. ಮಾಹಿತಿ ಕೊಟ್ಟವರಿಗೆ ನಂಬರ್ ಹಾಕು ಅಂತ ನಮ್ಮ ಮೇಷ್ಟ್ರು ಹೇಳಿದ್ದರು. ಮನುಷ್ಯರಿಗೆ ನಂಬರ್ ಹಾಕುವುದು ಜೈಲಿನವರ ಕೆಲಸ ಅಂತ ಜಂಬ ಕೊಚ್ಚಿಕೊಂಡು ನಾನು ಸಂಬಂಧದ ಹೆಸರು ಇಟ್ಟೆ. ಮೆರವಣಿಗೆಯ ಮುಂದೆ ನಡೆದ ಹೆಂಗಸು 'ದೊಡ್ಡಮ್ಮ'. ಕರಪತ್ರ ಅಚ್ಚು ಹಾಕಿಕೊಟ್ಟವನು 'ಸೋದರಮಾವ'. ಮೂರನೇ ಗೇಟಿನ ಬೀಗ ತೆಗೆದವನು ಮಾತಿಗೊಮ್ಮೆ ನನ್ನನ್ನು ರೇಗಿಸುತ್ತಿದ್ದ, ಅದಕ್ಕೆ ಅವನು 'ಭಾವ'. ಯಾರು ಯಾರು ಅಂತ ಬರೆದ ಪಟ್ಟಿಯನ್ನು ಪುಸ್ತಕ ಅಚ್ಚಾದ ದಿನವೇ ಸುಟ್ಟೆ. ಈಗ ಅದು ನನ್ನ ತಲೆಯೊಳಗೆ ಮಾತ್ರ ಇದೆ.

ಆ ನೋಟ್‌ಬುಕ್ಕು ಹೇಗೋ ವಿಚಾರಣೆಯ ಅಧಿಕಾರಿಯ ಮೇಜಿಗೆ ಹೋಗಿದೆ. ಆ ಮಹಾನುಭಾವ ನಮ್ಮ ವಂಶವೃಕ್ಷ ಬರೆಸಿಕೊಂಡು ಕೂತಿದ್ದಾನೆ! ನಾವು ಹುಟ್ಟುವ ಮೊದಲೇ ತೀರಿಕೊಂಡ ನಮ್ಮ ಸೋದರಮಾವ, ಪಾಪ, ಹೊಲಿಗೆ ಮೆಷಿನ್ ಬಿಟ್ಟು ಬೇರೇನೂ ಮುಟ್ಟಿದವನಲ್ಲ, ಅವನು ಕರಪತ್ರ ಹಂಚಿದ್ದಾನೆ ಅಂತ ಹುಡುಕುತ್ತಿದ್ದಾರೆ. ಇದಕ್ಕೆ ನಗಬಹುದಿತ್ತು. ಆದರೆ ನಿನ್ನ ಗಂಡನನ್ನು "ನೀವು ಭಾವನಾ?" ಅಂತ ಕೇಳಿದಾಗ ಅವರು ಏನು ಹೇಳಿದರು ಅಂತ ನೀನೇ ಬರೆದಿದ್ದೀಯ. "ಹೌದು ಸಾರ್, ಅವಳಿಗೆ ಭಾವನೇ." ಅದನ್ನು ಹಾಗೇ ಬರೆದುಕೊಂಡಿದ್ದಾರಂತೆ.

ನಿವೃತ್ತಿಗೆ ಏಳು ತಿಂಗಳಿರುವಾಗ ಅವರನ್ನು ಅಮಾನತು ಮಾಡಿದ್ದಾರೆ ಅಂತಲೂ ಬರೆದಿದ್ದೀಯ. ನೀನು ಒಂದೇ ಮಾತು ಕೇಳಿದ್ದೀಯ: "ಇವರಲ್ಲ ಅಂತ ಒಂದು ಸಲ ಹೇಳಿಬಿಡೇ, ಸಾಕು." ಅಕ್ಕಾ, ಅದು ಅಷ್ಟು ಸುಲಭವಲ್ಲ. ಇವರಲ್ಲ ಅಂದ ಕೂಡಲೇ ಡಿಪೋದ ಒಬ್ಬೊಬ್ಬನನ್ನೇ ತಂದು ನಿಲ್ಲಿಸಿ ಇವನಾ, ಇವನಾ ಅಂತ ಕೇಳುತ್ತಾರೆ. ಕೊನೆಗೆ ನಾನು ಸುಮ್ಮನಾದ ಕಡೆ ಬೆರಳಿಡುತ್ತಾರೆ. ಅಲ್ಲ ಅನ್ನುವುದೂ ಅರ್ಧ ಹೆಸರು ಹೇಳಿದ ಹಾಗೇ. ಆ ಮನುಷ್ಯನಿಗೂ ಒಂದು ಮನೆ ಇದೆ.

ಈಗ ನನ್ನ ನಿದ್ದೆ ಕೆಡಿಸಿರುವುದು ನೋಟ್‌ಬುಕ್ಕು ಕೊಟ್ಟವರು ಯಾರು ಅನ್ನುವುದು. ನನ್ನ ಬಳಿ ಸಂಶೋಧನೆ ಮಾಡುವ ಹುಡುಗಿಯ ಬಗ್ಗೆ ಹೇಳಿದ್ದೆನಲ್ಲ, ನಾವೆಲ್ಲ 'ಟಿಪ್ಪಣಿ' ಅಂತ ಕರೆಯುವುದು? ನಾನು ಕೆಮ್ಮಿದರೂ ಬರೆದುಕೊಳ್ಳುತ್ತಾಳೆ. ಹೋದ ವಾರ ನಾನು ಒಳಗೆ ಹೋದಾಗ ನನ್ನ ಬೀರುವಿನ ಮುಂದೆ ನಿಂತಿದ್ದಳು. ಏನಮ್ಮ ಅಂದರೆ, ಪಿನ್ನು ಹುಡುಕುತ್ತಿದ್ದೆ ಮೇಡಂ ಅಂದಳು. ಪಿನ್ನಿನ ಡಬ್ಬಿ ಅವಳ ಎದುರಿಗೇ ಇತ್ತು. ಆಮೇಲೆ ನಮ್ಮ ವಿಭಾಗದ ಮುಖ್ಯಸ್ಥ. ಹತ್ತು ವರ್ಷದಿಂದ ನನ್ನ ಕಂಡರೆ ಮುಖ ಗಂಟಿಕ್ಕುವ ಮನುಷ್ಯ ಮೊನ್ನೆ ತಾನಾಗಿ ಬಂದು ಆರೋಗ್ಯ ವಿಚಾರಿಸಿದ. ಇಂಥವರು ಆರೋಗ್ಯ ವಿಚಾರಿಸಿದರೆ ನನಗೆ ಹುಷಾರು ತಪ್ಪುತ್ತದೆ.

ಇನ್ನೊಂದು ಕೇಳಲೇ? ತಪ್ಪು ತಿಳಿಯಬೇಡ. ನಮ್ಮ ಮನೆ ರಿಪೇರಿಯಾಗುವಾಗ ನೋಟ್‌ಬುಕ್ಕುಗಳಿದ್ದ ನನ್ನ ಟ್ರಂಕು ಎರಡು ವರ್ಷ ನಿಮ್ಮ ಅಟ್ಟದ ಮೇಲಿತ್ತು. ಆಗ ಯಾರಾದರೂ ತೆಗೆದಿದ್ದರಾ? ಸುಣ್ಣ ಬಳಿಯುವವರು, ನೆಂಟರು, ಭಾವನ ಸ್ನೇಹಿತರು? ನೆನಪು ಮಾಡಿಕೊಂಡು ಬರಿ. ಕೇಳಿದ್ದಕ್ಕೆ ಬೇಸರವಾದರೆ ಹೊಟ್ಟೆಗೆ ಹಾಕಿಕೋ. ಜನ ಯಾಕೆ ಬೀದಿಗಿಳಿಯುತ್ತಾರೆ ಅಂತ ಮೂವತ್ತು ವರ್ಷ ಕೇಳಿಕೊಂಡು ಬಂದವಳು ನಾನು. ಯಾರ ಮೊದಲ ಉತ್ತರವನ್ನೂ ನಂಬದೇ ಇರುವುದೇ ನನ್ನ ಕಸುಬು.

ಭಾವನಿಗೆ ಧೈರ್ಯ ಹೇಳು. ಸಕ್ಕರೆ ಕಾಯಿಲೆಯ ಮಾತ್ರೆ ತಪ್ಪಿಸದ ಹಾಗೆ ನೋಡಿಕೋ.

ನೀನೇ ಹೆಸರಿಟ್ಟ
ಪತ್ತೇದಾರಿ



ಮಾರ್ಚ್ 26

ಅಕ್ಕಾ,

ನೀನು ಬರೆದದ್ದು ನಾಲ್ಕೇ ಸಾಲು. ಅದರಲ್ಲಿ ಮೂರು ಟ್ರಂಕಿನ ಬಗ್ಗೆ. "ನಿನ್ನ ಟ್ರಂಕಿಗೆ ನೀನೇ ಎರಡು ಬೀಗ ಹಾಕಿದ್ದೆ, ಒಂದು ನಿನಗೆ, ಒಂದು ನಿನ್ನ ಅನುಮಾನಕ್ಕೆ" ಅಂತ ಬರೆದಿದ್ದೀಯ. ಸರಿಯಾಗಿಯೇ ಹೊಡೆದಿದ್ದೀಯ. ತಪ್ಪಾಯಿತು. ಈ ಕಾಗದ ಇಷ್ಟು ತಡವಾಗಿದ್ದಕ್ಕೂ ತಪ್ಪಾಯಿತು.

ನೋಟ್‌ಬುಕ್ಕು ಹೋದ ದಾರಿ ಗೊತ್ತಾಯಿತು. ಮೂರು ವರ್ಷದ ಹಿಂದೆ ನನ್ನ ಹಳೆಯ ಕಾಗದ ಪತ್ರಗಳನ್ನೆಲ್ಲ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಕೊಟ್ಟಿದ್ದೆ, ಅದರಲ್ಲಿ ಇದೂ ಹೋಗಿದ್ದು ಮರೆತೇಬಿಟ್ಟಿದ್ದೆ. ಕೊಡುವಾಗ ಒಂದು ಫಾರಂ ತುಂಬಬೇಕು. ಅದರಲ್ಲಿ ಎರಡು ಚೌಕ: 'ಎಲ್ಲರಿಗೂ ತೆರೆದಿದೆ', 'ಐವತ್ತು ವರ್ಷ ಮುಚ್ಚಿರಬೇಕು'. ಈಗ ಹೋಗಿ ಕೇಳಿದಾಗ ಗ್ರಂಥಾಲಯದ ಗುಮಾಸ್ತೆ ಆ ಫಾರಂ ತೆಗೆದು ನನ್ನ ಮುಂದೆ ಇಟ್ಟಳು. ಮೊದಲ ಚೌಕದಲ್ಲಿ ಗುರುತು, ಕೆಳಗೆ ನನ್ನ ಸಹಿ. ಅವರು ಎಲ್ಲವನ್ನೂ ಸ್ಕ್ಯಾನ್ ಮಾಡಿ ಯಾರು ಬೇಕಾದರೂ ಓದುವ ಹಾಗೆ ಇಟ್ಟಿದ್ದಾರೆ. ನಾನು ಹೇಳಿದೆ, ಸಹಿ ನನ್ನದು, ಗುರುತು ನನ್ನದಲ್ಲ, ಬೇರೆ ಯಾರೋ ಆಮೇಲೆ ಹಾಕಿದ್ದಾರೆ. ಆಕೆ ಒಂದು ಪೆನ್ನು ಕೊಟ್ಟು, ಇಲ್ಲೊಂದು ಗುರುತು ಹಾಕಿ ಮೇಡಂ ಅಂದಳು. ಹಾಕಿದೆ. ನನ್ನ ಗುರುತಿನ ಬಾಲ ಎಡಕ್ಕೆ ಕೊಕ್ಕೆಯ ಹಾಗೆ ತಿರುಗುತ್ತದೆ, ಚಿಕ್ಕಂದಿನಿಂದ. ಫಾರಂನಲ್ಲಿದ್ದುದೂ ಅದೇ ಕೊಕ್ಕೆ. ಹೊರಗೆ ಬಂದು ಮೆಟ್ಟಿಲ ಮೇಲೆ ತುಂಬ ಹೊತ್ತು ಕೂತೆ. ಟಿಪ್ಪಣಿಯ ಮುಖ ನೋಡುವುದಕ್ಕೂ ನಾಚಿಕೆಯಾಯಿತು. ಅವಳು ನಿಜವಾಗಿಯೂ ಪಿನ್ನನ್ನೇ ಹುಡುಕುತ್ತಿದ್ದಳೋ ಏನೋ.

ಮೊನ್ನೆ ಹದಿನೆಂಟಕ್ಕೆ ನನ್ನ ವಿಚಾರಣೆಯಾಯಿತು. ಹಳೆಯ ಕಚೇರಿಯ ಎರಡನೇ ಮಹಡಿ, ಉದ್ದನೆಯ ಮೇಜು, ಕಾಲು ಕುಂಟುವ ಕುರ್ಚಿ. ನಾನು ಕೂತಾಗಲೆಲ್ಲ ಅದು ಒಂದು ಕಡೆ ವಾಲುತ್ತಿತ್ತು. ಬೇಕೆಂದೇ ಇಟ್ಟಿದ್ದಾರೆ ಅನ್ನಿಸಿತು. ಅಧಿಕಾರಿ ನನ್ನ ಅಕ್ಷರದ ಹಾಳೆಯನ್ನೇ ನನಗೆ ಓದಿ ಹೇಳಿದ: "ಭಾವ: ಬೀಗ ನಾನೇ ತೆಗೆದುಕೊಟ್ಟೆ. ಒಳಗೆ ಒಬ್ಬ ಮಲಗಿದ್ದ ಅಂತ ನಂಗೆ ಗೊತ್ತಿರಲಿಲ್ಲ." ಓದಿ, ಇದು ನಿಮ್ಮ ಅಕ್ಕನ ಗಂಡನ ಮಾತೇ ಅಂತ ಕೇಳಿದ. ನಾನು, ಮಾಹಿತಿ ಕೊಟ್ಟ ಯಾರ ಬಗ್ಗೆಯೂ ಹೌದು ಅಥವಾ ಅಲ್ಲ ಅಂತ ಹೇಳಲು ನನ್ನ ಕಸುಬಿನ ನಿಯಮ ಬಿಡುವುದಿಲ್ಲ ಅಂದೆ. ಆ ನಿಯಮವನ್ನು ಬರೆದವಳೂ ನಾನೇ, ದೇಶದ ಎಲ್ಲ ವಿಭಾಗಗಳಲ್ಲೂ ಅದನ್ನೇ ಪಾಠ ಹೇಳುತ್ತಾರೆ. ಗೋಡೆಯ ಪಕ್ಕದ ಬೆಂಚಿನ ಮೇಲೆ ಕಾವಲುಗಾರನ ಮಗಳು ಕೂತಿದ್ದಳು. ಮಡಿಲಲ್ಲಿ ಚೀಲ, ಚೀಲದ ಮೇಲೆ ಎರಡೂ ಕೈ. ಅವಳ ಕಡೆ ನಾನು ನೋಡಲಿಲ್ಲ.

ಕೆಳಗಿಳಿದು ಬಂದರೆ ಬೀದಿಯಲ್ಲಿ ಜನ. ಟಿಪ್ಪಣಿ ಸೇರಿಸಿದ್ದಳಂತೆ. ರಟ್ಟಿನ ಮೇಲೆ ನನ್ನ ಹೆಸರು, ಅದರ ಕೆಳಗೆ 'ಬಾಯಿ ಬಿಡದ ಮೇಡಂ'. ಅಕ್ಕಾ, ನನ್ನ ಜೀವಮಾನವೆಲ್ಲ ಬೇರೆಯವರಿಗಾಗಿ ಸೇರಿದ ಜನರನ್ನು ಎಣಿಸಿದ್ದೇನೆ. ಒಂದು ಸಾಲು ಎಣಿಸುವುದು, ಸಾಲುಗಳಿಂದ ಗುಣಿಸುವುದು, ಪೊಲೀಸರ ಲೆಕ್ಕಕ್ಕೂ ಸಂಘಟಕರ ಲೆಕ್ಕಕ್ಕೂ ನಡುವೆ ಎಲ್ಲೋ ನಿಜ ಹುಡುಕುವುದು. ಆ ದಿನ ಗುಣಿಸಲಿಲ್ಲ, ಒಬ್ಬೊಬ್ಬರನ್ನೇ ಎಣಿಸಿದೆ. ನೂರ ಹದಿನಾಲ್ಕು. ಮರುದಿನ ಎರಡು ಪತ್ರಿಕೆಗಳಲ್ಲಿ ಬಂತು. ನಮ್ಮ ಮುಖ್ಯಸ್ಥ ಕೈ ಕುಲುಕಿದ. ಅಂದಿನಿಂದ ನನ್ನ ಕಚೇರಿಯ ಕೆಳಗಿನ ಅಂಗಳದಲ್ಲಿ ದಿನಾ ಬೆಳಿಗ್ಗೆ ಸೇರುತ್ತಿದ್ದಾರೆ. ಇವರಲ್ಲಿ ಎಷ್ಟು ಜನ ನನಗಾಗಿ ಬಂದವರು, ಎಷ್ಟು ಜನ ಅಧಿಕಾರಿ ಕಳಿಸಿದವರು ಅಂತ ಮೇಲಿನ ಕಿಟಕಿಯಿಂದ ನೋಡುತ್ತಿರುತ್ತೇನೆ. ಕ್ಯಾಮರಾ ಹಿಡಿದ ಒಬ್ಬನ ಮೇಲೆ ನನಗೆ ಗುಮಾನಿ.

ಭಾವ ನನ್ನ ಕಚೇರಿಗೆ ಬಂದಿದ್ದು ನಿನಗೆ ಹೇಳಿದ್ದಾರೋ ಇಲ್ಲವೋ. ಇಪ್ಪತ್ತೆರಡನೇ ತಾರೀಖು, ಹನ್ನೊಂದು ಗಂಟೆಗೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಟೈಂ ಕೀಪರ್ ಕೆಲಸದ ಅಭ್ಯಾಸ, ಬಂದ ಕೂಡಲೇ ನನ್ನ ಗೋಡೆ ಗಡಿಯಾರ ನೋಡಿ ಎರಡು ನಿಮಿಷ ಹಿಂದಿದೆಯಲ್ಲ ಅಂದರು. ಕೂತು ನೀರು ಕುಡಿದರು. ಹಳೆಯದೊಂದನ್ನು ನೆನಪಿಸಿ ನಗಿಸಿದರು: ಮುಷ್ಕರವಾದ ವರ್ಷ ನಾನು ಪ್ರಶ್ನಾವಳಿ ಹಿಡಿದು ಮನೆಗೆ ಬಂದು, ನೀವು ಯಾಕೆ ಹೋಗಲಿಲ್ಲ ಅಂತ ಕೇಳಿದ್ದೆನಂತೆ. ಇವರು, ನನ್ನನ್ನು ಯಾರೂ ಕರೆಯಲಿಲ್ಲ ಅಂದಿದ್ದರಂತೆ. ನಿಜ, ನನ್ನ ಪುಸ್ತಕದ ಮುಖ್ಯ ಮಾತೇ ಅದು. ಸಿಟ್ಟಿನಿಂದ ಯಾರೂ ಬೀದಿಗೆ ಬರುವುದಿಲ್ಲ, ಯಾರಾದರೂ ಹೆಸರು ಹಿಡಿದು ಕರೆದರೆ ಬರುತ್ತಾರೆ. ಆ ಮಾತನ್ನು ನಾನು ಭಾವನಿಂದಲೇ ಎತ್ತಿಕೊಂಡೆ ಅಂತ ಎಲ್ಲೂ ಬರೆಯಲಿಲ್ಲ.

ಆಮೇಲೆ ಅವರು ದನಿ ತಗ್ಗಿಸಿ ಕೇಳಿದರು.

"ಒಂದು ಕೇಳ್ತೀನಿ ಕಣಮ್ಮ. ಹೆಸರು ಬೇಡ. ಆ ಮನುಷ್ಯ ಇದ್ದಾನಾ?"

ನಾನು ಹೂಂ ಅಂತ ತಲೆಯಾಡಿಸಿದೆ.

"ಹೆಂಡ್ತಿ ಮಕ್ಕಳು?"

ಅದಕ್ಕೂ ತಲೆಯಾಡಿಸಿದೆ.

"ಸರಿ ಬಿಡು," ಅಂದರು. ಎದ್ದು, ಕುರ್ಚಿಯ ಮೇಲೆ ಹತ್ತಿ ನನ್ನ ಗಡಿಯಾರ ಸರಿ ಮಾಡಿ ಹೋದರು.

ನಿನ್ನ ಹತ್ತಿರ ಮುಚ್ಚುಮರೆ ಬೇಡ. ಅವರು ಹಾಗೆ ಕೇಳಿದಾಗ ನನ್ನ ಕಣ್ಣು ಅವರ ಅಂಗಿಯ ಜೇಬಿನ ಮೇಲೆ ಹೋಯಿತು. ಅಧಿಕಾರಿ ಇವರ ಕೈಲಿ ಏನಾದರೂ ರೆಕಾರ್ಡು ಮಾಡುವ ಯಂತ್ರ ಕೊಟ್ಟು ಕಳಿಸಿದ್ದಾನೋ ಅಂತ. ಜೇಬಿನಲ್ಲಿ ಏನೋ ಉಬ್ಬಿತ್ತು. ಹೋಗುವಾಗ ತೆಗೆದು ಮೇಜಿನ ಮೇಲೆ ಇಟ್ಟರು. ನೀನು ಕಳಿಸಿದ ನನ್ನ ಕನ್ನಡಕದ ಡಬ್ಬಿ, ಹೋದ ಸಲ ನಿಮ್ಮ ಮನೆಯಲ್ಲಿ ಬಿಟ್ಟುಬಂದಿದ್ದೆನಲ್ಲ.

ಯಾಕೆ ಹಾಗೆ ಕೇಳಿದರು ಅಂತ ಇನ್ನೂ ಯೋಚಿಸುತ್ತಿದ್ದೇನೆ. ನಿನಗೆ ಗೊತ್ತಿದ್ದರೆ ಬರಿ. ಸಿಟ್ಟಿದ್ದರೆ ಸಿಟ್ಟಿನಲ್ಲೇ ಬರಿ.

ಪತ್ತೇದಾರಿ



ಮೇ 9

ಅಕ್ಕಾ,

ಈ ಸಲ ನಿನಗೆ ಬರೆಯುತ್ತಿರುವ ಐದನೇ ಕಾಗದ ಇದು. ಮೊದಲ ನಾಲ್ಕನ್ನು ನಾನೇ ಹರಿದೆ. ಬರೆಯುವುದಕ್ಕೆ ಯೋಗ್ಯತೆ ಇಲ್ಲದವಳು ತಡವಾಯಿತು ಅಂತ ಕ್ಷಮೆ ಕೇಳುವುದೂ ಒಂದು ಸೋಗು. ಆದರೂ ಕೇಳುತ್ತೇನೆ.

ನಿನ್ನ ಮಗಳು ಮೊನ್ನೆ ಬಂದಿದ್ದಳು. ಬಾಗಿಲಲ್ಲೇ ನಿಂತು ಮಾತಾಡಿದಳು, ಒಳಗೆ ಬಾ ಅಂದರೂ ಬರಲಿಲ್ಲ. "ಚಿಕ್ಕಮ್ಮ, ಅಮ್ಮ ನಿಮ್ಮ ಕಾಗದ ಓದಲ್ಲ. ಆದ್ರೆ ಬಿಸಾಕೋದೂ ಇಲ್ಲ, ಅಪ್ಪನ ಅಂಗಿಗಳ ಕೆಳಗೆ ಇಡ್ತಾರೆ" ಅಂದಳು. ಅಷ್ಟು ಸಾಕು ನನಗೆ. ಅಂಗಿಗಳ ಕೆಳಗೇ ಇರಲಿ, ಇದನ್ನೂ ಕಳಿಸುತ್ತೇನೆ.

ಏಪ್ರಿಲ್ ಎರಡಕ್ಕೆ ಭಾವ ತಾವಾಗಿಯೇ ಹೋಗಿ 'ಆ ಭಾವ ನಾನೇ' ಅಂತ ಸಹಿ ಹಾಕಿದ್ದಾರೆ ಅಂತ ಪತ್ರಿಕೆಯಲ್ಲಿ ನೋಡಿದಾಗ ನಾನು ಮೊದಲು ಏನು ಯೋಚಿಸಿದೆ ಗೊತ್ತೇ? ಹೊಡೆದು ಬರೆಸಿಕೊಂಡಿದ್ದಾರೆ ಅಂದುಕೊಂಡೆ. ಆಮೇಲೆ, ಏನಾದರೂ ಆಸೆ ತೋರಿಸಿದ್ದಾರೆ ಅಂದುಕೊಂಡೆ. ಕೊನೆಗೆ, ದೇವರು ನನ್ನನ್ನು ಕ್ಷಮಿಸಲಿ, ನಿಜವಾಗಿಯೂ ಅವರು ಆ ದಿನ ಗೇಟಿನ ಹತ್ತಿರ ಇದ್ದರೇನೋ ಅಂತಲೂ ಅಂದುಕೊಂಡೆ. ಬೀಗ ತೆಗೆದವನ ಜೊತೆ ಎರಡು ಮಧ್ಯಾಹ್ನ ಕೂತು ಮಾತಾಡಿದವಳು ನಾನು! ಇಷ್ಟಾದರೂ ನನ್ನ ಅನುಮಾನ ನಿನ್ನ ಗಂಡನನ್ನು ಬಿಡಲಿಲ್ಲ.

ಜೈಲಿಗೆ ಹೋಗಿ ನೋಡಲು ಐದು ವಾರ ಬೇಕಾಯಿತು. ಕಳೆದ ಮಂಗಳವಾರ ಹೋದೆ. ನೀನು ಬರುವ ದಿನ ಅಂತ ಗೊತ್ತಿದ್ದೂ ಹೋದೆ, ನೀನು ಮಾತಾಡದೇ ಇದ್ದರೂ ಮುಖ ಕಾಣುತ್ತದೆ ಅಂತ. ನೀನು ಆಗಲೇ ಹೋಗಿಯಾಗಿತ್ತು. ಅವರು ಜಾಲರಿಯ ಆಚೆ ಕೂತಿದ್ದರು, ಸ್ವಲ್ಪ ಇಳಿದುಹೋಗಿದ್ದಾರೆ, ಗಡ್ಡ ನೀಟಾಗಿ ತೆಗೆದಿದ್ದರು. ಇಲ್ಲಿ ಊಟಕ್ಕೆ ಗಂಟೆ ಹೊಡೆಯುವವನು ದಿನಾ ಐದು ನಿಮಿಷ ತಡ ಮಾಡುತ್ತಾನೆ ಅಂತ ದೂರಿದರು. ಯಾಕೆ ಭಾವ ಹೀಗೆ ಮಾಡಿದಿರಿ ಅಂದೆ.

"ಅಲ್ಲಮ್ಮ, ನೀನೇ ಹೇಳಿದ್ಯಲ್ಲ, ಅವನಿಗೆ ಹೆಂಡ್ತಿ ಮಕ್ಕಳು ಇದ್ದಾರೆ ಅಂತ. ನನ್ನ ಮಗಳು ಒಂದು ದಡ ಸೇರಿದ್ಲು, ನನ್ನ ಸರ್ವೀಸೂ ಮುಗಿದ ಹಾಗೇ. ಇಪ್ಪತ್ತೆರಡು ವರ್ಷ ನೀನು ಕಾಪಾಡ್ಕೊಂಡು ಬಂದ ಮಾತು ನನ್ನ ದೆಸೆಯಿಂದ ಯಾಕೆ ಕೆಡಬೇಕು? ಅವರಿಗೆ ಒಬ್ಬ ಭಾವ ಬೇಕಿತ್ತು. ನಾನು ಹೆಂಗೂ ಭಾವನೇ."

ಇಷ್ಟು ಹೇಳಿ, ನಿಮ್ಮಕ್ಕನಿಗೆ ಮಾತ್ರ ಇದನ್ನ ಹೇಳಬೇಡ, ನಾನು ಹೆದರಿ ಸಹಿ ಹಾಕಿದೆ ಅಂತ ಅವಳು ತಿಳ್ಕೊಂಡಿದ್ದಾಳೆ, ಹಾಗೇ ಇರಲಿ, ಇಲ್ಲದಿದ್ರೆ ಅವಳು ನಿನ್ನ ಮುಖ ನೋಡಲ್ಲ ಅಂದರು. ನಾನು ಹೇಳುತ್ತಿದ್ದೇನೆ. ಅವರ ಮಾತನ್ನು ಮೀರಿದ್ದಕ್ಕೆ ಅವರೂ ನನ್ನ ಮೇಲೆ ಸಿಟ್ಟಾಗಲಿ. ನಿನ್ನ ಗಂಡ ಹೆದರಿಲ್ಲ ಅಕ್ಕಾ. ಆ ಕಚೇರಿಯಲ್ಲಿ, ಆ ಅಂಗಳದಲ್ಲಿ, ನನ್ನ ವಿಭಾಗದಲ್ಲಿ ಇದ್ದ ಎಲ್ಲರಿಗಿಂತ ಅವರಿಗೇ ಧೈರ್ಯ ಹೆಚ್ಚು.

ಸೋಮವಾರ ಹನ್ನೊಂದಕ್ಕೆ ನಾನು ವಿಚಾರಣೆಯ ಕಚೇರಿಗೆ ಹೋಗುತ್ತೇನೆ. ಬೀಗ ತೆಗೆದವನ ಹೆಸರು, ಅವನು ಮಾಡುತ್ತಿದ್ದ ಕೆಲಸ, ಅವನು ಮಾತಾಡಿದ ಜಾಗ, ತಾರೀಖು, ಎಲ್ಲ ಬರೆದುಕೊಡುತ್ತೇನೆ. ವಕೀಲರನ್ನು ಕೇಳಿದೆ. ಭಾವನ ಹೇಳಿಕೆ ಬಿದ್ದುಹೋಗುತ್ತದೆ, ಆದರೆ ವಾರಗಟ್ಟಲೆ ಹಿಡಿಯಬಹುದು ಅಂದರು. ನಿಯಮ ಬರೆದವಳೇ ನಿಯಮ ಮುರಿದಳು ಅಂತ ನಾಳೆ ನನ್ನ ಕಸುಬಿನವರು ಬರೆಯುತ್ತಾರೆ. ಬರೆಯಲಿ. ಇಪ್ಪತ್ತೆರಡು ವರ್ಷದ ಮಾತನ್ನು ನಿನ್ನ ಮನೆಗಾಗಿ ಮುರಿಯುತ್ತಿದ್ದೇನೆ ಅಂತ ನಿನಗೆ ಗೊತ್ತಿದ್ದರೆ ಸಾಕು. ಕಾವಲುಗಾರನ ಮಗಳಿಗೂ ಒಂದು ಉತ್ತರ ಸಿಗುತ್ತದೆ.

ನಿನ್ನ ಮಗಳಿಗೆ ನನ್ನ ಆಶೀರ್ವಾದ ಹೇಳು, ಅವಳು ಬೇಡ ಅಂದರೂ ಹೇಳು. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಮನೆಗೆ ಅವರು ನಡೆದುಕೊಂಡು ಬರುವ ದಿನ ಬೇಗ ಬರಲಿ. ನಿನ್ನ ಕಾಲಿಗೆ ಬೀಳುವಷ್ಟು ಹತ್ತಿರ ನನ್ನನ್ನು ಬಿಡುತ್ತೀಯೋ ಇಲ್ಲವೋ, ಇಲ್ಲಿಂದಲೇ ಬಿದ್ದಿದ್ದೇನೆ ಅಂದುಕೋ.

ನಿನ್ನ ತಂಗಿ

ಬರೆದು ಮುಗಿಸಿದ ಮೇಲೆ: ಲಕೋಟೆಗೆ ಹಾಕಿ ಅಂಟಿಸಿ ಮತ್ತೆ ಬಿಚ್ಚಿದೆ. ಮೇಲೆ ನಿನಗಾಗಿ ಮಾತು ಮುರಿಯುತ್ತೇನೆ ಅಂತ ದೊಡ್ಡದಾಗಿ ಬರೆದಿದ್ದೇನೆ. ಮುರಿಯುವುದಕ್ಕೆ ಅಲ್ಲಿ ಏನೂ ಇಲ್ಲ ಅಕ್ಕಾ. ಬೀಗ ತೆಗೆದವನು ಸತ್ತು ಒಂಬತ್ತು ವರ್ಷವಾಯಿತು. ಮದುವೆಯಾಗಿರಲಿಲ್ಲ, ಮಕ್ಕಳಿಲ್ಲ, ಅಣ್ಣತಮ್ಮಂದಿರಿಲ್ಲ. ಆಸ್ಪತ್ರೆಯಲ್ಲಿ ನಾನು ನೋಡಲು ಹೋದಾಗ, "ಯಾವತ್ತಾದ್ರೂ ಆ ಕಾವಲುಗಾರನ ಮಗು ಬಂದು ಕೇಳಿದ್ರೆ ನನ್ನ ಹೆಸರು ಹೇಳಿಬಿಡಿ ಮೇಡಂ" ಅಂತ ಅವನೇ ಹೇಳಿದ್ದ. ಭಾವ ನನ್ನ ಮುಂದೆ ಕೂತು ಆ ಮನುಷ್ಯ ಇದ್ದಾನಾ ಅಂತ ಕೇಳಿದ ಹೊತ್ತಿಗೆ, ಕಿಟಕಿಯ ಕೆಳಗೆ ಅಂಗಳದಲ್ಲಿ ಸೇರಿದವರೆಲ್ಲ ನನ್ನ ಹೆಸರು ಕೂಗುತ್ತಿದ್ದರು. ಇಲ್ಲ ಭಾವ, ಸತ್ತುಹೋದ ಅಂದಿದ್ದರೆ ಎಲ್ಲರೂ ಮನೆಗೆ ಹೋಗಿಬಿಡುತ್ತಿದ್ದರು. ನನಗೆ, ಇನ್ನೂ ಸ್ವಲ್ಪ ಹೊತ್ತು ಇರಲಿ ಅನ್ನಿಸಿತು.